ಹೊಗೆ ಕುಡಿದ ಕೋಲು

ನಮ್ಮ ಮನೆಗೆ ಹೊಸದಾಗಿ ಬಂದದ್ದು ಏನೇ ಇರಲಿ, ಮೊದಲು ಹೊಗೆ ಕುಡಿಯಬೇಕಿತ್ತು. ಅವ್ವ ಸೊಸೆಯಾಗಿ ಬಂದ ಮೊದಲ ವರ್ಷ ಒಲೆಯ ಮುಂದೆ ಕೂತು ಕುಡಿದಳು. ನಾನು ಹುಟ್ಟಿದಾಗ ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಬೇವಿನೆಲೆ ಉದುರಿಸಿ ನನ್ನನ್ನು ಅದರ ಮೇಲೆ ಹಿಡಿದು ಕುಡಿಸಿದರು. ಆಗ ನಾನು ಮುತ್ಯಾ ಕೆಮ್ಮಿದ ಹಾಗೆಯೇ ಕೆಮ್ಮಿದೆನಂತೆ. ಬೇರೆ ಮಕ್ಕಳು ಅತ್ತು ಶುರು ಮಾಡುತ್ತಾರೆ, ಇದು ಅಣಕಿಸಿ ಶುರು ಮಾಡಿತು ಎಂದು ಆಯಿ ಬಂದವರಿಗೆಲ್ಲ ಹೇಳುತ್ತಿದ್ದಳು. ಆಯಿ ಅಪ್ಪನ ತಾಯಿ. ಮುತ್ಯಾ ಅವಳ ಗಂಡ. ಮಾತು ಶುರು ಮಾಡುವ ಮೊದಲು ಗಂಟಲಲ್ಲಿ ‘ಖುಂ’ ಎನ್ನದಿದ್ದರೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಆ ಖುಂ ನನಗೆ ಆಸ್ತಿಯಾಗಿ ಬಂತು. ಅಪ್ಪನಿಗೆ ಕುರಿ ಬಂದವು, ಅಪ್ಪನ ತಮ್ಮ ಮಾಳಪ್ಪ ಕಾಕಾನಿಗೆ ಕಾಲು ಬಂದವು, ನನಗೆ ಖುಂ.

ಕುರಿ ಕಾಯುವ ಕೋಲಿಗೂ ಇದೇ ನಿಯಮ. ಹೊಸ ಕೋಲು ಕಡಿದು ತಂದರೆ ಆಯಿ ಅದಕ್ಕೆ ಕುಸುಬಿ ಎಣ್ಣೆ ಸವರಿ, ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚಿ, ಅಡುಗೆಮನೆಯ ಒಲೆಗೆ ನೆಟ್ಟಗೆ ಮೇಲಿದ್ದ ಜಂತಿಗೆ ಕಟ್ಟಿಬಿಡುತ್ತಿದ್ದಳು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಅದು ಅಲ್ಲಿ ತೂಗುತ್ತ ರೊಟ್ಟಿಯ ಹೊಗೆ, ಒಗ್ಗರಣೆಯ ಹೊಗೆ, ಅವ್ವ ಮತ್ತು ಆಯಿಯ ಜಗಳದ ಹೊಗೆ ಎಲ್ಲವನ್ನೂ ಕುಡಿದು ಕರ್ರಗೆ ಇಳಿಯುತ್ತಿತ್ತು. ಹಾಗೆ ಇಳಿದ ಕೋಲಿಗೆ ಹುಳ ಹತ್ತುವುದಿಲ್ಲ, ಮಳೆಯಲ್ಲಿ ನೆನೆದರೂ ಅದು ಬಾಗುವುದಿಲ್ಲ. ಆದರೆ ಒಂದು ಕಟ್ಟಳೆ ಇತ್ತು. ಕಟ್ಟುವವಳು ಮನೆಯ ಹಿರಿಯ ಹೆಂಗಸು, ‘ಕುಡಸ್ರಿ’ ಎಂದು ಹೇಳಬೇಕಾದವನು ಮನೆಯ ಹಿರಿಯ ಗಂಡಸು. ಗಂಡಸಿನ ಬಾಯಿಂದ ಮಾತು ಬೀಳದೆ ಕೋಲು ಮೇಲೇರುವಂತಿರಲಿಲ್ಲ. ಮುತ್ಯಾ ತೀರಿಕೊಂಡ ಮೇಲೆ ಅವನ ಕೋಲನ್ನು ಯಾರೂ ಕೆಳಗಿಳಿಸಲಿಲ್ಲ. ಅದು ಜಂತಿಯಲ್ಲೇ ಇತ್ತು. ನನಗಂತೂ ಅವನೇ ಅಲ್ಲಿ ಅಡ್ಡ ಮಲಗಿ ಕೆಳಗಿನ ರೊಟ್ಟಿ ಎಣಿಸುತ್ತಿದ್ದಾನೆ ಎನಿಸುತ್ತಿತ್ತು.

ಮನೆ ನಿಲಂಗಾದ ಊರ ಹೊರಗೆ. ಮಣ್ಣಿನ ಮಾಳಿಗೆ, ಮೂರು ಅಂಕಣ. ಮುಂದೆ ಕುರಿಹಟ್ಟಿ, ಅದಕ್ಕೆ ಸುತ್ತ ಜಾಲಿಮುಳ್ಳಿನ ಬೇಲಿ, ಒಬ್ಬ ಮನುಷ್ಯ ಕಾಲು ಅಗಲಿಸಿ ನಿಂತರೆ ತುಂಬುವಷ್ಟು ಬಾಯಿ. ಸಂಜೆ ಕುರಿ ಬಂದಾಗ ಮನೆಯ ಗಂಡಸೊಬ್ಬ ಆ ಬಾಯಲ್ಲಿ ಮೊಣಕಾಲು ಬಗ್ಗಿಸಿ ಎರಡೂ ಕೈ ಚಾಚಿ ನಿಲ್ಲುತ್ತಿದ್ದ. ಒಂದೊಂದಾಗಿ ಬಿಡಬೇಕು, ಎಣಿಸಬೇಕು, ಪರರ ಕುರಿ ನುಗ್ಗಿದರೆ ಕಾಲಿನಿಂದಲೇ ತಡೆದು ಹೊರಗೆ ದಬ್ಬಬೇಕು. ಈ ಕೆಲಸದಲ್ಲಿ ಮಾಳಪ್ಪ ಕಾಕಾನನ್ನು ಮೀರಿಸುವವರು ಇರಲಿಲ್ಲ. ನನ್ನನ್ನು ಒಮ್ಮೆ ನಿಲ್ಲಿಸಿ ನೋಡಿದರು. ಎಪ್ಪತ್ತು ಕುರಿಯಲ್ಲಿ ನಾನು ಎಣಿಸಿದ್ದು ನೂರ ಹದಿನಾಲ್ಕು. ಅಪ್ಪ ಬೈಯಲಿಲ್ಲ. ‘ಈ ಹುಡುಗ ನಮ್ಮ ಮನಿ ಕುರಿ ಹೆಚ್ಚು ಮಾಡಿದ ನೋಡ್ರಿ’ ಎಂದು ಊರೆಲ್ಲ ಹೇಳಿಕೊಂಡು ಬಂದ. ಬೈದಿದ್ದರೆ ವಾಸಿಯಿತ್ತು.

ಕಾಕಾನ ಕಥೆ ಉದಗೀರದಿಂದ ಶುರುವಾಗುತ್ತದೆ. ಪೋಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲಿನ ಚಳಿಗಾಲ. ಹೊಲದವರು ಗೊಬ್ಬರಕ್ಕಾಗಿ ಕುರಿ ಕೂಡಿಸಲು ಕರೆದಿದ್ದರಿಂದ ಅವನು ಹಿಂಡನ್ನು ಉದಗೀರದ ಕೋಟೆಯ ಹೊರಗಿನ ಹೊಲಗಳಲ್ಲಿ ಇಳಿಸಿದ್ದ. ಪಕ್ಕದ ಬಯಲಲ್ಲಿ ಮಿಲಿಟರಿಯವರು ಡೇರೆ ಹಾಕಿದ್ದರು, ಮಧ್ಯಾಹ್ನ ಇಳಿದ ಮೇಲೆ ಹಾಕಿ ಆಟ ಆಡುತ್ತಿದ್ದರು. ಒಂದು ದಿನ ಅವರ ಚೆಂಡು ಬಂದು ಗಬ್ಬದ ಕುರಿಯೊಂದರ ಕಾಲಿಗೆ ಬಡಿಯಿತು. ಹವಾಲ್ದಾರ ಒಬ್ಬ ಸರ್ದಾರಜಿ. ದೂರದಿಂದಲೇ ಕೂಗಿದ.

“ಅರೇ ಭಾಯಿ, ಗೇಂದ್ ದೇದೋ!”

“ಬಂದು ತಗೊಂಡು ಹೋಗ್ರಿ,” ಎಂದ ಕಾಕಾ, ಕನ್ನಡದಲ್ಲೇ.

ಬಂದರು. ಮೊದಲು ಒಬ್ಬ, ಆಮೇಲೆ ನಾಲ್ವರು. ಕಾಕಾ ತನ್ನ ಕುರಿಕೋಲಿನ ತುದಿಯಿಂದ ಚೆಂಡನ್ನು ಹಿಂಡಿನೊಳಗೆ ಆಡಿಸತೊಡಗಿದ. ಈ ಕುರಿಯ ಹೊಟ್ಟೆಯ ಕೆಳಗಿನಿಂದ ಆ ಕುರಿಯ ಹಿಂದಕ್ಕೆ, ಅಲ್ಲಿಂದ ಟಗರಿನ ಮುಂದಕ್ಕೆ. ನಾಲ್ವರು ಸಿಪಾಯಿಗಳು ಕುರಿಗಳ ನಡುವೆ ಬಗ್ಗಿ ಎದ್ದು ದಣಿದರು, ಚೆಂಡು ಸಿಗಲಿಲ್ಲ. ಒಬ್ಬನನ್ನು ಟಗರು ಹಿಂದಿನಿಂದ ಬಂದು ಮಾತಾಡಿಸಿತು. ಈ ಪ್ರಸಂಗವನ್ನು ನಾನು ಸರ್ದಾರಜಿಯ ದನಿಯಲ್ಲಿ, ಕಾಕಾನ ದನಿಯಲ್ಲಿ, ಟಗರಿನ ದನಿಯಲ್ಲಿ ಎಷ್ಟು ಸಲ ಆಡಿ ತೋರಿಸಿದ್ದೇನೆಂದರೆ, ನಾನು ಅಲ್ಲಿ ಇರಲೇ ಇಲ್ಲ ಎಂಬುದು ನನಗೇ ಮರೆತುಹೋಗುತ್ತದೆ. ಕಾಕಾ ಹೇಳಿದ್ದು ನಾಲ್ಕೇ ಮಾತು: ‘ಕೇಳಿದ್ರು. ಕೊಡಲಿಲ್ಲ. ನಕ್ರು. ಆಡು ಅಂದ್ರು.’ ಉಳಿದದ್ದು ನನ್ನ ಜೋಡಣೆ. ಆ ಚಳಿಗಾಲವೆಲ್ಲ ಅವನು ಅವರ ಜೊತೆ ಆಡಿದ. ಡೇರೆ ಕಿತ್ತು ಹೊರಡುವಾಗ ಸರ್ದಾರಜಿ ತನ್ನ ಹಾಕಿ ಕೋಲನ್ನು ಅವನ ಕೈಗೆ ಕೊಟ್ಟು ಹೋದ.

ಆ ಕೋಲು ಮನೆಗೆ ಬಂದಂದಿನಿಂದ ನಮ್ಮ ಊಟದ ಹೊತ್ತಿನ ಜಗಳಕ್ಕೆ ಬರ ಬರಲಿಲ್ಲ. ನಿಲಂಗಾದಲ್ಲಿ ಕಚೇರಿಯ ಗುಮಾಸ್ತರು, ಶಾಲೆಯ ಮಾಸ್ತರರು, ದವಾಖಾನೆಯ ಕಂಪೌಂಡರು ಸೇರಿ ಒಂದು ಟೀಮು ಕಟ್ಟಿಕೊಂಡಿದ್ದರು. ಕಾಕಾ ಅದರಲ್ಲಿ ಮುಂದೆ ಆಡುವವನು, ಫಾರ್ವರ್ಡ್. ಸಂಜೆ ಆಟ ಮುಗಿಸಿ ಓಡುತ್ತ ಬಂದು ಹಟ್ಟಿಯ ಬಾಯಲ್ಲಿ ನಿಂತು ಕುರಿ ಎಣಿಸುತ್ತಿದ್ದ, ಅದೇ ಅರ್ಧ ಚಡ್ಡಿಯಲ್ಲಿ. ಒಮ್ಮೆ ಲೋಹಾರಾದಿಂದ ಹೆಣ್ಣಿನ ಕಡೆಯವರು ಅವನನ್ನು ನೋಡಲು ಬಂದು ಪಡಸಾಲೆಯಲ್ಲಿ ಕೂತಿದ್ದರು. ಇವನು ಚಡ್ಡಿಯಲ್ಲಿ ನುಗ್ಗಿದ. ಹೆಣ್ಣಿನ ಸೋದರಮಾವ ತಂಬಾಕು ತಿಕ್ಕುತ್ತ ಕೇಳಿದ.

“ಹುಡುಗ ಇನ್ನಾ ಸಾಳಿಗೆ ಹೋಗ್ತಾನೇನ್ರಿ?”

“ಇಲ್ರಿ, ಕುರಿ ಕಾಯ್ತಾನ,” ಎಂದ ಅಪ್ಪ.

“ಕುರಿಗೋಳಿಗೆ ಚಡ್ಡಿ ಬೇಕಾಗ್ತದೇನು?”

ಆ ಸಂಬಂಧ ಅಲ್ಲಿಗೇ ಮುಗಿಯಿತು. ಸೋದರಮಾವ ತಂಬಾಕು ತಿಕ್ಕುವ ರೀತಿ ಮಾತ್ರ ನನ್ನ ಬಳಿ ಉಳಿಯಿತು. ಅವ್ವ ಹಿಟ್ಟು ನಾದುತ್ತ ಬೇಸರವಾದಾಗ ‘ಸಿದ್ಯಾ, ಆ ಲೋಹಾರಾದಾಂವನ್ನ ಮಾಡ’ ಎನ್ನುತ್ತಿದ್ದಳು. ಮಾಡಿದರೆ ಒಂದು ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ, ಮೇಲೆ ಎಣ್ಣೆ. ಆ ಮನೆಯಲ್ಲಿ ಆಟಕ್ಕೆ ಮೊದಲು ಸಂಬಳ ಪಡೆದವನು ನಾನೇ, ಕಾಕಾ ಅಲ್ಲ. ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದ ಮಾಸ್ತರರು ಒಂದು ದಿನ ಎದ್ದು ಮರಾಠಿ ಕಲಿಸತೊಡಗಿದಾಗ ಅವರ ಮರಾಠಿ ಉರ್ದುವಿನ ಶೇರವಾನಿ ಹಾಕಿಕೊಂಡೇ ಬರುತ್ತಿತ್ತು. ಅದನ್ನೂ ಮಾಡಿ ತೋರಿಸಿದೆ. ಅದಕ್ಕೆ ಸಿಕ್ಕ ಸಂಬಳ ಬೇರೆ ಥರದ್ದು.

ಆಗ ಸೋಲಾಪುರದ ಮಿಲ್ಲೊಂದರ ಸುದ್ದಿ ಬಂತು. ಆ ಮಿಲ್ಲಿಗೆ ತನ್ನದೇ ಹಾಕಿ ಟೀಮು ಇತ್ತು. ಚೆನ್ನಾಗಿ ಆಡುವವರನ್ನು ನೌಕರಿಗೆ ಇಟ್ಟುಕೊಳ್ಳುತ್ತಿದ್ದರು. ಹೆಸರಿಗೆ ಮಿಲ್ಲಿನ ಕೆಲಸ, ನಿಜಕ್ಕೆ ಮೈದಾನದ ಕೆಲಸ. ಊರಿಂದೂರಿಗೆ ಹೋಗಿ ಮಿಲ್ಲಿನ ಹೆಸರಲ್ಲಿ ಆಡುವುದು, ತಿಂಗಳಿಗೆ ಪಗಾರ. ದೀಪಾವಳಿ ಮುಗಿದ ಮೇಲೆ ಆ ಟೀಮು ಉಮರ್ಗಾಕ್ಕೆ ಬಂದು ನಿಲಂಗಾದವರ ಜೊತೆ ಆಡುವುದೆಂದೂ, ಟೀಮಿನ ಸಾಹೇಬರು ಒಬ್ಬ ಒಳ್ಳೆ ಫಾರ್ವರ್ಡನ್ನು ಹುಡುಕುತ್ತಿದ್ದಾರೆಂದೂ ಕಂಪೌಂಡರು ಬಂದು ಹೇಳಿದರು. ಅವತ್ತು ಕಾಕಾ ಅಂಬಲಿಯ ಪರಾತವನ್ನು ಕೆಳಗಿಟ್ಟದ್ದು ನೆನಪಿದೆ. ಊಟದ ನಡುವೆ ಅವನು ಎಂದೂ ಪರಾತ ಕೆಳಗಿಟ್ಟವನಲ್ಲ.

“ಆಟಕ್ಕ ಪಗಾರ ಕೊಡ್ತಾರ?” ಎಂದ ಅಪ್ಪ. “ಹಂಗಾದ್ರ ನಿದ್ದಿಗೂ ಕೊಡ್ತಿರಬೇಕು. ನಾನೂ ಬರ್ತೀನಿ ತಡೀ.”

“ಅಣ್ಣಾ, ಒಂದ ಮ್ಯಾಚ್. ತಗೊಂಡ್ರ ಹೋಗ್ತೀನಿ. ತಗೋಲಿಲ್ಲಂದ್ರ…”

“ತಗೋಲಿಲ್ಲಂದ್ರ ಆ ಬಾಗಿದ ಕೋಲು ಒಲ್ಯಾಗ ಹಾಕಿ, ಹಿಂಡ ತಗೊಂಡು ಮಾಂಜರಾ ಹೊಳಿ ದಂಡಿಗೆ ಹೋಗಬೇಕು. ಮತ್ತ ಚಡ್ಡಿ ಹೆಸರು ತೆಗಿಬಾರದು. ಕಬೂಲ?”

“ಕಬೂಲ.”

ಅಪ್ಪನನ್ನು ಕೆಟ್ಟವನೆಂದು ತಿಳಿಯಬಾರದು. ಎಪ್ಪತ್ತು ಕುರಿಗೆ ಇಬ್ಬರು ಗಂಡಸರು ಬೇಕು. ಒಬ್ಬ ಸೋಲಾಪುರಕ್ಕೆ ಹೋದರೆ ಉಳಿಯುವವರು ಅವನು ಮತ್ತು ಎಪ್ಪತ್ತನ್ನು ನೂರ ಹದಿನಾಲ್ಕು ಮಾಡುವ ನಾನು.

ದಸರೆಯ ಹಿಂದೆ ಮುಂದೆ ಕಾಕಾ ಹಿಂಡಿನ ಜೊತೆ ವಲಾಂಡಿಯ ಕಡೆ ಹೋಗಬೇಕಾಯಿತು. ಮಳೆಯಲ್ಲಿ ಕೆಡದಿರಲೆಂದು ಹಾಕಿ ಕೋಲನ್ನು ಕಂಬಳಿಯಲ್ಲಿ ಸುತ್ತಿ ದೇವರ ಗೂಡಿನ ಪಕ್ಕ ಇಟ್ಟುಹೋದ. ಅಂದಿನಿಂದ ಆಯಿಯ ನಿದ್ದೆ ಹಾರಿಹೋಯಿತು. ಕುಸುಬಿ ಎಣ್ಣೆ ಸೋಕದ, ಹೊಗೆ ಕುಡಿಯದ ಹಸಿ ಕೋಲು ಹಿಡಿದು ಮಗ ಇಷ್ಟು ದೊಡ್ಡ ಕೆಲಸಕ್ಕೆ ಹೋಗುವುದೇ? ಅವಳು ಅಪ್ಪನನ್ನು ಕೇಳಿದಳು, ರೊಟ್ಟಿ ಬಡಿಯುತ್ತ ಕೇಳಿದಳು, ನೀರು ಕಾಯಿಸುತ್ತ ಕೇಳಿದಳು.

“ಒಂದು ಮಾತು ಅನ್ನಲ್ಲೋ, ಕುಡಸು ಅಂತ. ನಿನ್ನ ಬಾಯಿಗೇನು ಬ್ಯಾನಿ?”

“ಅದು ಕೋಲಲ್ಲಬೇ ಅವ್ವಾ, ಆಟದ ಸಾಮಾನ. ಅದಕ್ಕ್ಯಾಕ ಹೊಗಿ? ನಾಳಿಗೆ ಬುಗರಿಗೂ ಕುಡಸಂತಿ.”

ಆಯಿ ಸಿಟ್ಟಾದರೆ ಮಾತಾಡುತ್ತಿರಲಿಲ್ಲ, ಜೋಳ ಹಸನು ಮಾಡುತ್ತಿದ್ದಳು. ಮೂರು ದಿನದಲ್ಲಿ ಮನೆಯ ಜೋಳವೆಲ್ಲ ಹಸನಾಯಿತು. ನಾಲ್ಕನೆಯ ದಿನ ಮಧ್ಯಾಹ್ನ ಅವಳು ಹಸನಾದದ್ದನ್ನೇ ಮತ್ತೆ ಮೊರಕ್ಕೆ ಹಾಕಿಕೊಂಡು ಕೂತಿದ್ದಳು. ಅಪ್ಪ ಸಂತೆಗೆ ಹೋಗಿದ್ದ, ಅವ್ವ ಹಿತ್ತಲಲ್ಲಿದ್ದಳು. ನಾನು ಜೋಳ ತುಂಬುವ ದೊಡ್ಡ ಕಣಗಿಯ ಹಿಂದೆ ಬೆಲ್ಲ ಕದ್ದು ತಿನ್ನುತ್ತ ಕೂತಿದ್ದೆ. ಬಾಯಲ್ಲಿ ಬೆಲ್ಲ ಕರಗುತ್ತಿದ್ದ ಹೊತ್ತಿಗೆ ನನ್ನ ತಲೆಯಲ್ಲಿ ಯಾವ ಒಳ್ಳೆಯದೂ ಹುಟ್ಟುತ್ತಿರಲಿಲ್ಲ. ಮೂಗು ಹಿಡಿದು, ಗಂಟಲು ಕೆಳಗಿಳಿಸಿ, ಎರಡು ವರ್ಷದ ಹಿಂದೆ ಸತ್ತುಹೋದ ಮುತ್ಯಾನನ್ನು ಎಬ್ಬಿಸಿದೆ.

“ಖುಂ… ಏ ಮಾಳ್ಯಾನ ಅವ್ವಾ. ಮಾಳ್ಯಾನ ಕೋಲಿಗೆ ಹೊಗಿ ಕುಡಸು. ನನ್ನ ಕೋಲಿನ ಬಾಜೂಕ ಕಟ್ಟು.”

ಮೊರ ನಿಂತಿತು. ಬೈಗುಳ ಬರುತ್ತದೆ, ಕಸಬರಿಗೆ ಬರುತ್ತದೆ ಎಂದು ಕಾದೆ. ಯಾವುದೂ ಬರಲಿಲ್ಲ. ಕಣಗಿಯ ಸಂದಿಯಿಂದ ನೋಡಿದರೆ ಆಯಿ ತಲೆಯ ಮೇಲಿನ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು, ಮುತ್ಯಾ ಒಳಗೆ ಬಂದಾಗ ಎಳೆದುಕೊಳ್ಳುತ್ತಿದ್ದಳಲ್ಲ, ಹಾಗೆ.

“ಆಗಲಿ ರೀ,” ಎಂದಳು.

ಆಮೇಲೆ ಎದ್ದು ನನ್ನ ಹೆಸರು ಹಿಡಿದು ಕೂಗಿದಳು. ಹಿತ್ತಲ ಕಡೆಯಿಂದ ಓಡಿಬಂದವನ ಹಾಗೆ ನಟಿಸುತ್ತ ಹೋದೆ. ಅವಳು ಎಣ್ಣೆ ಸವರಿದಳು, ಭಂಡಾರ ಹಚ್ಚಿದಳು. ಕಣಗಿಯ ಮೇಲೆ ಹತ್ತಿ ಜಂತಿಗೆ ಗಂಟು ಹಾಕಿದವನು ನಾನೇ. ಗಂಟು ಸಡಿಲವಾಗಿದ್ದರೆ ಅಂದೇ ಬಿದ್ದು ಗುಟ್ಟು ರಟ್ಟಾಗುತ್ತಿತ್ತೇನೋ. ದುರ್ದೈವ, ಜೀವನದಲ್ಲಿ ನಾನು ಸರಿಯಾಗಿ ಹಾಕಿದ ಗಂಟು ಅದೊಂದೇ. ಸಂಜೆ ಅಪ್ಪ ಬಂದು ತಲೆಯೆತ್ತಿ ನೋಡಿದ.

“ಯಾರು ಹೇಳಿದ್ರು ಕಟ್ಟಂತ?”

“ಯಾರು ಹೇಳಬೇಕೋ ಅವರು ಹೇಳ್ಯಾರ,” ಎಂದಳು ಆಯಿ, ಒಲೆ ಊದುತ್ತ.

ಅಪ್ಪ ಮುತ್ಯಾನ ಕೋಲನ್ನು ನೋಡಿದ, ಪಕ್ಕದ ಬಾಗಿದ ಕೋಲನ್ನು ನೋಡಿದ, ಕೈಕಾಲು ತೊಳೆಯಲು ಹೊರಗೆ ಹೋದ. ನಾನು ಆ ದಿನ ರೊಟ್ಟಿ ಬೇಡವೆಂದೆ. ಅವ್ವ ಹಣೆ ಮುಟ್ಟಿ ನೋಡಿದಳು.

ಕುರಿಕೋಲು ಒಂದೇ ಕಟ್ಟಿಗೆ. ಎಷ್ಟು ಹೊಗೆ ಕುಡಿದರೂ ಗಟ್ಟಿಯಾಗುತ್ತದೆಯೇ ಹೊರತು ಅದರಲ್ಲಿ ಬಿಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಹಾಕಿ ಕೋಲು ಎರಡು ಜಾತಿಯದು: ಹಿಡಿಕೆಯೆಲ್ಲ ಬೆತ್ತ, ಕೆಳಗಿನ ಬಾಗಿದ ಮೂತಿ ಬೇರೆ ಕಟ್ಟಿಗೆ, ಎರಡನ್ನೂ ಒಂದರೊಳಗೊಂದು ಕೂಡಿಸಿ ಅಂಟು ಹಾಕಿ ಮೇಲೆ ದಾರ ಸುತ್ತಿರುತ್ತಾರೆ. ಕೆಳಗಿನಿಂದ ಉರಿಯ ಕಾವು, ಮೇಲಿಂದ ಎಣ್ಣೆ. ಆ ಅಂಟು ತಿಂಗಳೊಪ್ಪತ್ತು ಏನು ಅನುಭವಿಸಿತೋ ಅದಕ್ಕೇ ಗೊತ್ತು. ಇದನ್ನು ನಮಗೆ ಬಡಿಗ ವಿವರಿಸಿ ಹೇಳಿದ್ದು ಎಲ್ಲ ಮುಗಿದ ಮೇಲೆ.

ಕಾಕಾ ದೀಪಾವಳಿಗೆ ಬಂದ. ಕೋಲನ್ನು ಇಳಿಸಿ ಮೂಸಿ ನೋಡಿದ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿದ. ‘ಕಿಟ್’ ಎಂದಿತು. ಆಯಿ ಬಾಗಿಲಲ್ಲಿ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು.

“ಚೊಲೋ ಬಣ್ಣ ಬಂದದ ಅವ್ವಾ,” ಎಂದ ಕಾಕಾ.

“ನಿಮ್ಮಪ್ಪಂದ ಹುಕುಂ ಅದು.”

ಅವನು ನಕ್ಕ. ನಾನು ನಗಲಿಲ್ಲ. ಆ ‘ಕಿಟ್’ ನನ್ನ ನಾಲಿಗೆಗೆ ಹತ್ತಿಕೊಂಡಿತು. ಎರಡು ದಿನ ಉಣ್ಣುವಾಗ, ಕೂತಾಗ, ನನಗೆ ಗೊತ್ತಿಲ್ಲದೆಯೇ ಬಾಯಿಂದ ಕಿಟ್ ಕಿಟ್ ಎಂದು ಬರುತ್ತಿತ್ತು. ಮೂರನೆಯ ದಿನ ಕಾಕಾ ನನ್ನ ಗಲ್ಲ ಹಿಡಿದು, “ಸಿದ್ಯಾ, ಬ್ಯಾರೆ ಯಾವುದರ ದನಿ ಮಾಡು. ಇದು ಬ್ಯಾಡ,” ಎಂದ. ಅವನ ಬಳಿ ಇನ್ನೊಂದು ಕೋಲು ಇರಲಿಲ್ಲ.

ಉಮರ್ಗಾಕ್ಕೆ ಮೋಟಾರಿನಲ್ಲಿ ಹೋದೆವು. ಅಪ್ಪ, ಆಯಿ, ನಾನು. ಅವ್ವ ಕುರಿಗೆ ಉಳಿದಳು. ಆಯಿ ಬುತ್ತಿ ಕಟ್ಟಿಕೊಂಡು, ಭಂಡಾರದ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು. ಶಾಲೆಯ ಮೈದಾನ. ಮಿಲ್ಲಿನವರು ಹನ್ನೊಂದು ಮಂದಿಯೂ ಒಂದೇ ಬಣ್ಣದ ಅಂಗಿ ಹಾಕಿದ್ದರು, ನಮ್ಮವರು ಹನ್ನೊಂದು ಬಣ್ಣದವು. ನಮ್ಮ ಗೋಲಿನಲ್ಲಿ ಕಂಪೌಂಡರು. ಅವರು ಚೆಂಡು ಬಂದಾಗಲೆಲ್ಲ ಸೂಜಿ ಚುಚ್ಚಿಸಿಕೊಳ್ಳುವ ರೋಗಿಯ ಹಾಗೆ ಮುಖ ತಿರುಗಿಸುತ್ತಿದ್ದರು. ಅರ್ಧ ಆಟದೊಳಗೆ ನಾಲ್ಕು ಗೋಲು ಬಿದ್ದವು. ಸಾಹೇಬರು ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದರು.

ಆಮೇಲೆ ಒಮ್ಮೆ ಚೆಂಡು ಕಾಕಾನಿಗೆ ಸಿಕ್ಕಿತು. ಅವನು ಅದನ್ನು ಹೊಡೆಯಲಿಲ್ಲ, ಇಟ್ಟುಕೊಂಡ. ಒಬ್ಬನನ್ನು ಎಡಕ್ಕೆ ಬಿಟ್ಟ, ಇನ್ನೊಬ್ಬನ ಕಾಲ ಸಂದಿಯಿಂದ ತೂರಿಸಿದ, ಮೂರನೆಯವನ ಸುತ್ತ ಹೋಗಿ ಬಂದ. ಉದಗೀರದ ಕಥೆಯನ್ನು ಅಷ್ಟು ಸಲ ಆಡಿ ತೋರಿಸಿದ್ದರೂ ಅದು ನಿಜವೆಂದು ನಾನು ನಂಬಿದ್ದು ಆ ಹೊತ್ತಿಗೆ. ಸಾಹೇಬರು ಕುರ್ಚಿ ಬಿಟ್ಟು ಎದ್ದರು. ಅಪ್ಪ ನನ್ನ ಭುಜ ಹಿಡಿದಿದ್ದ, ಅದು ನೋಯತೊಡಗಿತು. ಕಾಕಾ ಗೋಲಿನ ಮುಂದೆ ಬಂದು ಕೋಲೆತ್ತಿ ಹೊಡೆದ.

ಕಿಟ್ ಎನ್ನಲಿಲ್ಲ, ಫಟ್ ಎಂದಿತು. ಕೋಲಿನ ಬಾಗಿದ ಮೂತಿ ಹಿಡಿಕೆಯಿಂದ ಕಳಚಿ, ಗಿರಗಿರ ತಿರುಗುತ್ತ ಹಾರಿ, ನೆಟ್ಟಗೆ ಗೋಲಿನೊಳಗೆ ಹೋಗಿ ಬಿತ್ತು. ಚೆಂಡು ಇದ್ದಲ್ಲೇ ಇತ್ತು. ನಮ್ಮ ಕಡೆಯ ಜನ ‘ಗೋಲ್’ ಎಂದು ಕುಣಿದರು. ಆಯಿ ಭಂಡಾರ ಎರಚಿಯೂಬಿಟ್ಟಳು. ಆಟ ನಡೆಸುತ್ತಿದ್ದ ಪಂಚ ಸೀಟಿ ಊದಿ ಓಡಿಬಂದ.

“ಒಳಗ ಹೋಗಬೇಕಾದ್ದು ಚೆಂಡ್ರಿ! ಕೋಲಲ್ಲ!”

ಇಡೀ ಉಮರ್ಗಾ ನಕ್ಕಿತು. ಕಾಕಾ ಮಾತ್ರ ಕೈಯಲ್ಲಿ ಉಳಿದ ಹಿಡಿಕೆಯನ್ನು ನೋಡುತ್ತ ನಿಂತಿದ್ದ. ದಾರ ಬಿಚ್ಚಿ ಕುರಿಯ ಬಾಲದಂತೆ ಜೋತಾಡುತ್ತಿತ್ತು. ನಮ್ಮ ಟೀಮಿನಲ್ಲಿ ಹೆಚ್ಚಿನ ಕೋಲು ಇರಲಿಲ್ಲ, ಹನ್ನೊಂದು ಮಂದಿಗೆ ಹನ್ನೊಂದೇ. ಅವನು ಹೋಗಿ ಕಂಪೌಂಡರ ಕೋಲು ಕೇಳಿದ.

“ನಂದು ಕೊಡಂಗಿಲ್ಲಪಾ,” ಎಂದರು ಅವರು. “ಕೋಲಿಲ್ಲದ ಇಲ್ಲಿ ನಿಂತು ನಾ ಹಲ್ಲು ಉದರಿಸಿಕೊಳ್ಳಲೇನು? ಬೇಕಾದ್ರ ನಾ ಕೋಲು ತಗೊಂಡು ಮುಂದ ಹೋಗ್ತೀನಿ, ನೀ ಇಲ್ಲಿ ನಿಂದ್ರು.”

ಹಾಗೇ ಆಯಿತು. ಪಂಚ ಮತ್ತೆ ಬಂದು ಕೈಯಲ್ಲಿ ಕೋಲು ಇಲ್ಲದವನು ಆಡುವಂತಿಲ್ಲ, ಕಾಯ್ದೆ ಇದೆ ಎಂದ. ಕಾಕಾ ಹಿಡಿಕೆಯನ್ನು ಎತ್ತಿ ತೋರಿಸಿದ.

“ಇದೇನ್ರಿ ಮತ್ತ?”

“ಇದು ಅರ್ಧ ಕೋಲಲ್ಲೋ!”

“ಅರ್ಧ ಆಟ ಉಳದದಲ್ಲರಿ.”

ಪಂಚನೂ ನಮ್ಮ ಕಡೆಯವನೇ, ನಕ್ಕು ಬಿಟ್ಟುಕೊಟ್ಟ. ಕಾಕಾ ಗೋಲಿನ ಎರಡು ಕಂಬಗಳ ನಡುವೆ ಹೋಗಿ, ಮೊಣಕಾಲು ಬಗ್ಗಿಸಿ, ಕೈ ಚಾಚಿ ನಿಂತ. ಕಾಲಿಗೆ ಕಟ್ಟಿಕೊಳ್ಳುವ ಪಟ್ಟಿಯೂ ಇರಲಿಲ್ಲ. ಕಂಪೌಂಡರು ಅವನ್ನು ಬಿಚ್ಚದೆಯೇ ಮುಂದೆ ಓಡಿದ್ದರು, ಬಾತುಕೋಳಿಯ ಹಾಗೆ. ಮಿಲ್ಲಿನವರು ನಗುತ್ತ ಬಂದು ಹೊಡೆದರು. ಕಾಕಾ ಮೊಣಕಾಲಿನಿಂದ ತಡೆದ. ಮತ್ತೆ ಹೊಡೆದರು, ಅಂಗಾಲಿನಿಂದ ಒದ್ದ. ನನ್ನ ಪಕ್ಕದಲ್ಲಿ ಆಯಿ ಸಣ್ಣಗೆ ಏನೋ ಗೊಣಗುತ್ತಿದ್ದಳು. ಮಂತ್ರವೆಂದುಕೊಂಡೆ. ಕಿವಿಗೊಟ್ಟರೆ, “ಅದು ನಮ್ಮದಲ್ಲ… ಅದೂ ನಮ್ಮದಲ್ಲ… ದಬ್ಬು, ಅದೂ ಪರರದು…” ಅವಳು ಹಟ್ಟಿಯ ಬಾಯಲ್ಲಿ ನಿಂತ ಮಗನನ್ನೇ ನೋಡುತ್ತಿದ್ದಳು. ಆಟ ಮುಗಿಯುವವರೆಗೆ ಅವನ ಕಾಲ ನಡುವಿನಿಂದ ಒಂದೇ ಒಂದು ಒಳಗೆ ಹೋಯಿತು. ನಾವು ಸೋತೆವು. ಅವನ ಎರಡೂ ಮೊಣಕಾಲ ಕೆಳಗೆ ಬದನೆಕಾಯಿಯಂಥ ಬಾವು ಎದ್ದಿತ್ತು.

ಸಾಹೇಬರು ಹತ್ತಿರ ಬಂದರು. ಸೋಲಾಪುರದವರು, ಕನ್ನಡ ಬರುತ್ತಿತ್ತು.

“ಫಾರ್ವರ್ಡ್ ಎಲ್ಲ್ಯಾರ ಸಿಗ್ತಾರ. ಚೆಂಡಿಗೆ ಕಣ್ಣು ಮುಚ್ಚದಾಂವ ಸಿಗಂಗಿಲ್ಲ. ಗೋಲಿನಾಗ ನಿಂದ್ರತಿಯೇನು? ಬರೂ ತಿಂಗಳಿಂದ ಬಾ.”

“ಸಾಹೇಬ್ರ, ನಾ ಮುಂದ ಆಡಾವ,” ಎಂದ ಕಾಕಾ. “ನೋಡಿದ್ರೆಲ್ಲ.”

“ನೋಡೀನಿ. ಛಂದ ಆಡ್ತಿ. ಖರೇ ನನಗ ಈಗ ಬೇಕಾದಾಂವ ಗೋಲಿನಾಂವ.”

ಕಾಕಾ ಅಪ್ಪನ ಕಡೆ ನೋಡಿದ. ಮಾತಿನ ಪ್ರಕಾರ, ತೆಗೆದುಕೊಂಡರೆ ಸೋಲಾಪುರ, ಇಲ್ಲವಾದರೆ ಮಾಂಜರಾ ದಂಡೆ. ಅಪ್ಪ ಗೋಲಿನೊಳಗೆ ಬಿದ್ದಿದ್ದ ಕೋಲಿನ ಮೂತಿಯನ್ನು ಹೋಗಿ ಎತ್ತಿಕೊಂಡು ಬಂದು, ಮಣ್ಣು ಒರೆಸಿ, ತಮ್ಮನ ಕೈಗಿಟ್ಟ.

“ಬರ್ತೀನ್ರಿ,” ಎಂದ ಕಾಕಾ.

ಮರುದಿನ ನಾನು ಆಯಿಯ ಬಳಿ ಹೋದೆ. ಅವಳು ಇಟ್ಟಿಗೆ ಕಾಯಿಸಿ ಕಂಬಳಿ ತುಂಡಿನಲ್ಲಿ ಸುತ್ತುತ್ತಿದ್ದಳು, ಕಾಕಾನ ಕಾಲಿಗೆ ಕಾವು ಕೊಡಲು.

“ಆಯಿ, ಅವತ್ತ ಹೊಗಿ ಕುಡಸು ಅಂದಿದ್ದು ಮುತ್ಯಾ ಅಲ್ಲ. ನಾ.”

“ಗೊತ್ತದ.”

“ಗೊತ್ತದ?”

“ಹೌದಲೇ. ನಿಮ್ಮ ಮುತ್ಯಾ ಒಂದಿನಾನೂ ನೆಟ್ಟಗ ಒಂದು ಕೆಲಸ ಹೇಳಿದಾಂವ ಅಲ್ಲ. ಮೊದಲ ಎರಡು ಸರ್ತಿ ಬೈಯಾವ, ಆಮ್ಯಾಲ ಹೇಳಾವ. ಮತ್ತ ಅವಂಗ ಬೆಲ್ಲದ ವಾಸನಿ ಬರ್ತಿರಲಿಲ್ಲ.”

“ಮತ್ತ ಯಾಕ ಕಟ್ಟಿದಿ?”

ಆಯಿ ಗಂಟು ಬಿಗಿದಳು. “ನಿಮ್ಮಪ್ಪ ಹೇಳಲಿಲ್ಲ. ಯಾವುದರ ಒಂದು ಗಂಡಸಿನ ದನಿ ಬೇಕಾಗಿತ್ತು ನನಗ. ಸಿಕ್ಕಿತು.” ಇಟ್ಟಿಗೆ ಎತ್ತಿಕೊಂಡು, “ಮಾಳ್ಯಾಗ ಹೇಳಬ್ಯಾಡ. ಅವ್ವ ಕೆಡಿಸಿದಳು ಅಂತ ಅನಕೋಲಿ. ಅವ್ವನ ಮ್ಯಾಲಿನ ಸಿಟ್ಟು ಭಾಳ ದಿನ ನಿಂದ್ರಂಗಿಲ್ಲ. ಹುಡುಗನ ಮ್ಯಾಲಿಂದು ನಿಂತರೂ ನಿಂತೀತು,” ಎಂದಳು.

ಕಾಕಾ ಸೋಲಾಪುರಕ್ಕೆ ಹೋದ. ವರ್ಷವರ್ಷವೂ ಆ ಮಿಲ್ಲಿನ ಗೋಲಿನಲ್ಲಿ ನಿಂತ. ಜೀವನವೆಲ್ಲ ಒಳಗೆ ಬಿಡುವ ಕೆಲಸ ಮಾಡಿದವನಿಗೆ ಈಗ ಒಳಗೆ ಬಿಡದಿರುವುದಕ್ಕೆ ಪಗಾರ. ದೀಪಾವಳಿಗೆ ಬಂದಾಗ ಪಡಸಾಲೆಯಲ್ಲಿ ಕಾಲು ಚಾಚಿ ಕೂಡುತ್ತಿದ್ದ. ಎಡಗಾಲಿನ ಮೂಳೆಯ ಮೇಲೆ ಜೋಳದ ತೆನೆಯಂತೆ ಗಂಟುಗಳು. ಆಯಿ ಇಟ್ಟಿಗೆ ಕಾಯಿಸುತ್ತಿದ್ದಳು, ಅಪ್ಪ ಯಾರಿಗೂ ಕಾಣದಂತೆ ಬಂದು ಆ ಗಂಟುಗಳನ್ನು ನೋಡಿ ಹೋಗುತ್ತಿದ್ದ. ಈಗ ಲಗ್ನಕ್ಕೂ ಅಡ್ಡಿ ಇರಲಿಲ್ಲ. ಪಗಾರ ಬರುವ ಚಡ್ಡಿಗೆ ಯಾರೂ ಏನೂ ಅನ್ನುವುದಿಲ್ಲ. ಸೋಲಾಪುರದ ಆಟ ಹೇಗಿದೆ ಎಂದು ಕೇಳಿದರೆ ಅವನು ಒಂದೇ ಮಾತು ಹೇಳುತ್ತಿದ್ದ: “ಚೆಂಡು ಬಂದ್ರ ಒದೀಬೇಕು. ಇಟಗೋಬಾರದು.” ಸಂಜೆಯಾದರೆ ಮಾತ್ರ ಮುತ್ಯಾನ ಕೋಲನ್ನು ಜಂತಿಯಿಂದ ಇಳಿಸಿಕೊಂಡು, ಉಣ್ಣೆಯನ್ನು ಉಂಡೆ ಕಟ್ಟಿ ದಾರ ಸುತ್ತಿ, ಹಟ್ಟಿಯೊಳಗೆ ಕುರಿಗಳ ಕಾಲ ನಡುವೆ ಒಬ್ಬನೇ ಆಡಿಸುತ್ತಿದ್ದ. ಕುರಿಗಳು ಮೇವು ಮೆಲ್ಲುತ್ತ ದಾರಿ ಬಿಡುತ್ತಿದ್ದವು. ಆ ನಡಿಗೆಯನ್ನು ಅಣಕಿಸಲು ನಾನು ಬಹಳ ಸಲ ನೋಡಿದೆ. ಊರಿನ ಎಲ್ಲರ ನಡಿಗೆ ಬರುತ್ತಿತ್ತು, ಅದು ಬರಲಿಲ್ಲ.

ನಮ್ಮ ಸೀಮೆ ಮಹಾರಾಷ್ಟ್ರಕ್ಕೆ ಸೇರಿದ ವರ್ಷ ನನಗೆ ಮೀಸೆ ಮೂಡಿತ್ತು. ಆಯಿ ಇರಲಿಲ್ಲ. ಕಾಕಾ ರಜೆಗೆ ಬಂದಿದ್ದ, ಹಟ್ಟಿಯಲ್ಲಿ ಆಡಿಸುತ್ತಿದ್ದ. ನಾನು ಬೇಲಿಯ ಹತ್ತಿರ ನಿಂತು, ಯಾವ ದನಿಯೂ ತೆಗೆಯದೆ, ನನ್ನದೇ ಒಡಕು ದನಿಯಲ್ಲಿ ಎಲ್ಲ ಹೇಳಿದೆ. ಕಣಗಿ, ಬೆಲ್ಲ, ಹುಕುಂ, ಗಂಟು. ಅವನು ಉಣ್ಣೆಯ ಉಂಡೆಯನ್ನು ಕೋಲಿನ ತುದಿಯಲ್ಲಿ ತಡೆದು ನಿಲ್ಲಿಸಿದ.

“ನಮ್ಮಪ್ಪನ ದನಿ ಮಾಡು ನೋಡೂನು,” ಎಂದ.

“ಬ್ಯಾಡ ಕಾಕಾ.”

“ಮಾಡಲೇ.”

“ಖುಂ… ಏ ಮಾಳ್ಯಾ, ಕುರಿ ಎಲ್ಲಾ ಒಳಗ ಬಂದ್ವೇನು?”

ಅವನು ತಲೆ ಅಲ್ಲಾಡಿಸಿದ. “ಖೋಟಾ ಅದ. ಅಪ್ಪ ಎರಡು ಸರ್ತಿ ಬೈದು ಆಮ್ಯಾಲ ಕೇಳತಿದ್ದ.”

ಬೈದೆ. ಮುತ್ಯಾ ಬೈಯುತ್ತಿದ್ದ ಹಾಗೆ, ಅವನ ಚಡ್ಡಿಯಿಂದ ಹಿಡಿದು ಅವನ ಮಿಲ್ಲಿನವರೆಗೆ, ಎರಡು ಸಲ, ಮನಸಾರೆ ಬೈದೆ. ಆಮೇಲೆ ಕೇಳಿದೆ. ಕಾಕಾ ಕೋಲನ್ನು ಕಂಕುಳಿಗೆ ಸಿಕ್ಕಿಸಿ ನೆಟ್ಟಗೆ ನಿಂತ.

“ಎಲ್ಲಾ ಬಂದಾವ ಅಪ್ಪಾ,” ಎಂದ.

ಹಟ್ಟಿಯ ಬಾಯಿ ತೆರೆದೇ ಇತ್ತು. ನಾನು ಹೋಗಿ ಅದಕ್ಕೆ ಅಡ್ಡ ಮೊಣಕಾಲು ಬಗ್ಗಿಸಿ, ಕೈ ಚಾಚಿ ನಿಂತೆ. ಕಾಕಾ ನನ್ನನ್ನು ನೋಡಿದ. ಕೋಲನ್ನು ಕೈಗೆ ತೆಗೆದುಕೊಂಡು, ಉಂಡೆಯನ್ನು ಒಂದು ಕುರಿಯ ಹೊಟ್ಟೆಯ ಕೆಳಗಿನಿಂದ, ಇನ್ನೊಂದರ ಹಿಂದಿನಿಂದ, ಟಗರಿನ ಮೂಗಿನ ಮುಂದಿನಿಂದ ತಂದ. ಕಣ್ಣು ಮುಚ್ಚಬಾರದೆಂದು ನಾನು ಗಟ್ಟಿಯಾಗಿ ತೆರೆದುಕೊಂಡಿದ್ದೆ. ಮೊದಲನೆಯದೇ ನನ್ನ ಕಾಲ ಸಂದಿಯಿಂದ ಹೋಯಿತು.